ಕೊಂಡ ಚೀಲ, ಹೊಲಿದ ಚೀಲ: ಮೇಜಿನಿಂದ ಏರ್ ರೈಫಲ್ ಹೊಡೆಯುವವರಿಗೆ ಬೇಕಾದ ಆಸರೆ

ಕಳೆದ ಅಕ್ಟೋಬರಿನಲ್ಲಿ, ಮಳೆ ಹಿಂದೆ ಸರಿದು ಕಾಫಿ ಕೊಯ್ಲಿಗೆ ಇನ್ನೂ ಸಮಯವಿದ್ದಾಗ, ರೈಫಲ್‌ಗೆ ಆಸರೆಯಾಗಿ ಮೇಜಿನ ಮೇಲಿಡುವ ಚೀಲಗಳ ಜೋಡಿಯೊಂದನ್ನು 2,350 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿಕೊಂಡೆ. ಮುಂದಿನದು ರೈಫಲ್‌ನ ಮುಂಭಾಗದ ಮರ ಕೂರುವ ದೊಡ್ಡ ಚೀಲ, ಹಿಂದಿನದು ಬಟ್‌ನ, ಅಂದರೆ ಭುಜಕ್ಕೆ ತಾಗುವ ಹಿಂತುದಿಯ, ಕೆಳಗೆ ಇಡುವ ಎರಡು ಕಿವಿಗಳುಳ್ಳ ಚಿಕ್ಕ ಚೀಲ. ಅದಕ್ಕೂ ಮೊದಲು ಎರಡು ವರ್ಷ ನಾನು ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ, ಹೊಲಿದು, ಮರಳು ತುಂಬಿದ ಚೀಲವನ್ನೇ ಬಳಸುತ್ತಿದ್ದೆ. ಐದು ತಿಂಗಳು ಎರಡನ್ನೂ ಒಂದೇ ಮೇಜಿನ ಮೇಲೆ, ಒಂದೇ ರೈಫಲ್‌ನಲ್ಲಿ, ಒಂದೇ ಡಬ್ಬಿಯ ಪೆಲೆಟ್‌ಗಳಿಂದ (ಏರ್ ರೈಫಲ್‌ನ ಪುಟ್ಟ ಗುಂಡುಗಳಿಂದ) ಹೊಡೆದು ನೋಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಇಂಥ ಚೀಲಕ್ಕೆ ಹಣ ಹಾಕಬೇಕೆಂದಿರುವವರಿಗೆ ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮುಂದಿನ ಚೀಲವನ್ನು ಕೊಳ್ಳಬೇಡಿ, ಮನೆಯಲ್ಲೇ ಹೊಲಿದುಕೊಳ್ಳಿ, ಹಿಂದಿನ ಚೀಲವನ್ನು ಬೇಕಾದರೆ ಕೊಳ್ಳಿ, ಆದರೆ ಅದರ ಹೊಟ್ಟೆಯೊಳಗಿನದನ್ನು ಬದಲಿಸಿ.

ಮೇಜಿನಿಂದ ಹೊಡೆಯುವುದನ್ನು ಸುಲಭದ ದಾರಿಯೆಂದು ಹಗುರವಾಗಿ ಕಾಣುವವರಿದ್ದಾರೆ. ಒಲಿಂಪಿಕ್ಸಿನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ನಿಂತೇ ಹೊಡೆಯಬೇಕು, ಯಾವ ಆಸರೆಯೂ ಇರುವುದಿಲ್ಲ; 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಹಾಗೆ ನಿಂತು, ಅರ್ಧ ಮಿಲಿಮೀಟರ್ ಅಗಲದ ಚುಕ್ಕೆಗೆ ಗುರಿಯಿಟ್ಟು. ಆದರೆ ಅಂಥ ಸ್ಪರ್ಧಿಗಳೂ ಪೆಲೆಟ್ ಆರಿಸಿಕೊಳ್ಳುವಾಗ ರೈಫಲ್ ಅನ್ನು ಭದ್ರವಾದ ಹಿಡಿಕೆಯಲ್ಲಿ ಬಿಗಿದು, ಒಂದೊಂದು ತಯಾರಿಕೆಯ ಪೆಲೆಟ್‌ಗಳನ್ನು ಹೊಡೆಸಿ ನೋಡಿಯೇ ಆರಿಸುತ್ತಾರೆ. ಗುಂಡು ದಾರಿ ತಪ್ಪಿದಾಗ ತಪ್ಪು ಕೋವಿಯದೋ, ಪೆಲೆಟ್‌ನದೋ, ಸ್ಕೋಪ್‌ನ ತಿರುಪು ಸಡಿಲವಾದದ್ದೋ, ಅಥವಾ ನಮ್ಮ ಕೈಯದೋ ಎಂಬುದನ್ನು ಬೇರ್ಪಡಿಸಿ ನೋಡಬೇಕಾದರೆ ಕೈಯ ನಡುಕವನ್ನು ಲೆಕ್ಕದಿಂದ ಹೊರಗಿಡಲೇಬೇಕು. ಮೇಜು ಮತ್ತು ಚೀಲಗಳು ಬೇಕಾಗುವುದು ಆ ಕೆಲಸಕ್ಕೆ.

ನನ್ನ ಬಳಿಯಿರುವುದು ಅಪ್ಪನ ಕಾಲದ ಡಯಾನಾ 35, ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯುವ ಜರ್ಮನಿಯ ಏರ್ ರೈಫಲ್. ನಳಿಗೆಯ ವ್ಯಾಸ 0.177 ಇಂಚು, ಅಂದರೆ 4.5 ಮಿಲಿಮೀಟರ್, 2016ರ ಆಯುಧ ನಿಯಮಗಳ ಪ್ರಕಾರ ಈ ವ್ಯಾಸವನ್ನೂ 20 ಜೂಲ್ ಶಕ್ತಿಯನ್ನೂ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಾಗುವುದಿಲ್ಲ. ಸಕಲೇಶಪುರದ ಕಡೆಯ ನಮ್ಮ ಮನೆಯ ಕಾಫಿ ಕಣ 30 ಮೀಟರಿಗಿಂತ ತುಸು ಉದ್ದವಿದೆ, ಅದರ ಆಚೆ ತುದಿಗೆ ಗುಡ್ಡ ಕಡಿದ ಎತ್ತರದ ಮಣ್ಣಿನ ಧರೆಯಿದೆ. ಧರೆಯ ಮುಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆಯಿಟ್ಟು, ಅದರ ಮೇಲೆ ಗುರಿಹಲಗೆ ಅಂಟಿಸಿ, 25 ಮೀಟರ್ ದೂರದಿಂದ ಕಣದ ಅಂಚಿನುದ್ದಕ್ಕೆ ಹೊಡೆಯುತ್ತೇನೆ. ಬೆಳಿಗ್ಗೆ ಎಂಟರೊಳಗೆ ಮುಗಿಸುವುದು ವಾಡಿಕೆ, ಏಕೆಂದರೆ ಬಿಸಿಲೇರಿ ಗಾಳಿ ಎದ್ದ ಮೇಲೆ ಅರ್ಧ ಗ್ರಾಮಿನಷ್ಟು ತೂಕದ ಪೆಲೆಟ್ ಅದರೊಂದಿಗೆ ಓರೆಯಾಗುತ್ತದೆ, ಆಗ ಯಾವ ಚೀಲದ ಗುಣವೂ ತಿಳಿಯುವುದಿಲ್ಲ. ಕಣದ ಆಳುಗಳು ಬರುವ ಹೊತ್ತಿಗೂ ಆಗ ಇನ್ನೂ ಸಮಯವಿರುತ್ತದೆ.

ಚೀಲಕ್ಕಿಂತ ಮೊದಲು ಮೇಜಿನ ಮಾತು ಹೇಳಬೇಕು, ಏಕೆಂದರೆ ಮೊದಲ ವರ್ಷವೆಲ್ಲ ನಾನು ಚೀಲವನ್ನು ದೂರುತ್ತ ಮೇಜಿನ ತಪ್ಪನ್ನು ಕಾಣದೇ ಹೋದೆ. ಕಾಫಿ ಬೀಜ ಆರಿಸುವ ಹಳೆಯ ಮರದ ಮೇಜಿಗೆ ನಾಲ್ಕು ಕಾಲು. ಕಣದ ಸಿಮೆಂಟಿನ ಮೇಲೆ ಅದರ ಮೂರು ಕಾಲು ಊರಿದರೆ ನಾಲ್ಕನೆಯದು ಕಾಗದ ತೂರುವಷ್ಟು ಮೇಲೆಯೇ ಉಳಿಯುತ್ತಿತ್ತು. ಮೊಣಕೈ ಊರಿದಾಗಲೆಲ್ಲ ಮೇಜು ಆ ಕಾಲಿನತ್ತ ವಾಲುತ್ತಿತ್ತು. ಅದು ಎಷ್ಟು ಸಣ್ಣ ಚಲನೆ ಎಂದುಕೊಂಡಿರೋ ಅದರ ಫಲ ಅಷ್ಟೇ ದೊಡ್ಡದು: ಮುಂದಿನ ಚೀಲಕ್ಕೂ ಹಿಂದಿನ ಚೀಲಕ್ಕೂ ನಡುವೆ 50 ಸೆಂಟಿಮೀಟರ್ ಅಂತರವಿದೆಯೆಂದು ಇಟ್ಟುಕೊಂಡರೆ, ಬಟ್ ಒಂದೇ ಒಂದು ಮಿಲಿಮೀಟರ್ ಕೆಳಗಿಳಿದರೂ 25 ಮೀಟರ್ ಆಚೆ ಗುರಿ 50 ಮಿಲಿಮೀಟರ್ ಮೇಲಕ್ಕೆ ಹೋಗುತ್ತದೆ. ಈಗ ಆ ಮರದ ಮೇಜನ್ನು ಬಿಟ್ಟು, ಆರಿಂಚಿನ ಸಾಲಿಡ್ ಸಿಮೆಂಟ್ ಬ್ಲಾಕ್‌ಗಳನ್ನು ಮೂರು ಕಂಬಗಳಂತೆ ಪೇರಿಸಿ, ಮುಂದೆ ಎರಡು ಹಿಂದೆ ಒಂದು ಇರುವಂತೆ ನಿಲ್ಲಿಸಿ, ಅಡುಗೆಮನೆ ಕಟ್ಟುವಾಗ ಉಳಿದಿದ್ದ ಕಡಪ ಕಲ್ಲಿನ ಹಲಗೆಯನ್ನು ಮೇಲೆ ಹಾಸಿದ್ದೇನೆ. ಮೂರು ಕಾಲಿನದು ಎಂಥ ನೆಲದಲ್ಲೂ ಕುಂಟುವುದಿಲ್ಲ. ಕೂರುವ ಸ್ಟೂಲು ಈ ಕಲ್ಲಿಗೆ ಎಲ್ಲಿಯೂ ತಾಗದಂತೆ ಬೇರೆಯಾಗಿಯೇ ಇರಬೇಕು, ಇಲ್ಲವಾದರೆ ಮೈಯ ಅಲುಗಾಟವೆಲ್ಲ ಕಲ್ಲಿಗೆ ಬರುತ್ತದೆ. 2,350 ರೂಪಾಯಿಯ ಚೀಲ ಕೊಟ್ಟ ಲಾಭಕ್ಕಿಂತ ಖರ್ಚಿಲ್ಲದ ಈ ಕಲ್ಲಿನ ಮೇಜು ಕೊಟ್ಟ ಲಾಭ ದೊಡ್ಡದು ಎಂದು ಹಿಂಜರಿಕೆಯಿಲ್ಲದೆ ಹೇಳುತ್ತೇನೆ.

ಇನ್ನು ಕೊಂಡ ಜೋಡಿಯ ವಿಷಯ. ಮುಂದಿನ ಚೀಲದ ಹೊರಮೈ ಒರಟು ಪಾಲಿಯೆಸ್ಟರ್, ರೈಫಲ್ ಕೂರುವ ತಗ್ಗಿಗೆ ರೆಕ್ಸಿನ್, ತಳಕ್ಕೆ ಜಾರದ ರಬ್ಬರ್ ಬಟ್ಟೆ. ನೋಡಲು ಬಹಳ ಅಂದವಾಗಿದೆ, ತಳದ ರಬ್ಬರ್ ಕಡಪ ಕಲ್ಲಿನ ಮೇಲೆ ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಒಳಗೆ ತುಂಬಿರುವುದು ಪ್ಲಾಸ್ಟಿಕ್ ಕಾಳು. ಕಾಫಿ ತೂಗುವ ತಕ್ಕಡಿಯಲ್ಲಿಟ್ಟು ನೋಡಿದರೆ ಮುಂದಿನ ಚೀಲ 1 ಕಿಲೊ 300 ಗ್ರಾಂ ತೂಗಿತು. ನಾನು ಹೊಲಿದ ಜೀನ್ಸ್ ಚೀಲ ಐದೂವರೆ ಕಿಲೊ. ಮೂರೂವರೆ ಕಿಲೊ ತೂಗುವ ರೈಫಲ್ ತನ್ನ ತೂಕದ ಅರ್ಧದಷ್ಟೂ ಇಲ್ಲದ ಚೀಲದ ಮೇಲೆ ಕೂತರೆ ಯಾರು ಯಾರನ್ನು ಹಿಡಿದಿದ್ದಾರೆ ಎಂದು ಕೇಳುವಂತಾಗುತ್ತದೆ. ಪ್ರತಿ ಈಡಿಗೂ ಚೀಲದ ಮೇಲ್ಭಾಗ ರೈಫಲ್‌ನೊಂದಿಗೆ ತುಸು ಹಿಂದಕ್ಕೆ ಬಂದು, ಮತ್ತೆ ಮೊದಲಿನ ಜಾಗಕ್ಕೆ ಪೂರ್ತಿಯಾಗಿ ಹಿಂದಿರುಗದೆ ಅಲ್ಲಿಯೇ ನಿಲ್ಲುತ್ತಿತ್ತು. ಹಗುರಾದ ಚೀಲ ಹೊತ್ತೊಯ್ಯಲು ಅನುಕೂಲ ಎಂದು ಪೊಟ್ಟಣದ ಮೇಲೆ ಬರೆದಿತ್ತು. ಹೊತ್ತು ಬೆಟ್ಟ ಹತ್ತುವವರಿಗೆ ಅದು ನಿಜವಿರಬಹುದು, ಮೇಜಿನ ಮೇಲಿಟ್ಟು ಹೊಡೆಯುವವನಿಗೆ ಭಾರವೇ ಬೇಕು.

ರೆಕ್ಸಿನ್‌ನ ತೊಂದರೆ ಇನ್ನೂ ಸೂಕ್ಷ್ಮವಾದದ್ದು, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಟ್ರಿಗರ್ ಒತ್ತಿದ ಕೂಡಲೇ ಪೆಲೆಟ್ ಹೊರಡುವುದಿಲ್ಲ. ಬಿಗಿದ ಸ್ಪ್ರಿಂಗ್ ಬಿಚ್ಚಿಕೊಂಡು ಭಾರದ ಪಿಸ್ಟನ್ ಅನ್ನು ಮುಂದಕ್ಕೆ ನೂಕುತ್ತದೆ, ಆ ನೂಕಿಗೆ ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಸಿಲಿಂಡರಿನ ತುದಿಗೆ ಬಂದು ಒತ್ತಿದ ಗಾಳಿಯ ಮೆತ್ತೆಗೆ ಬಡಿದು ನಿಂತಾಗ ರೈಫಲ್ ಮುಂದಕ್ಕೆ ಎಳೆಯಲ್ಪಡುತ್ತದೆ. ಪೆಲೆಟ್ ನಳಿಗೆಯೊಳಗೆ ಹೊರಡುವುದೇ ಆ ಓಟದ ಕೊನೆಯಲ್ಲಿ, ಗಾಳಿಯ ಒತ್ತಡ ಏರಿದ ಮೇಲೆ. ಹೀಗಾಗಿ ಪೆಲೆಟ್ ನಳಿಗೆಯ ಬಾಯಿ ಬಿಡುವ ಹೊತ್ತಿಗೆ ರೈಫಲ್ ಆಗಲೇ ಅಲುಗಿರುತ್ತದೆ. ಈ ಅಲುಗಾಟವನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಅದು ಪ್ರತಿ ಸಲವೂ ಒಂದೇ ತೆರನಾಗಿರುವಂತೆ ನೋಡಿಕೊಳ್ಳಬಹುದು, ಅಷ್ಟೇ. ರೆಕ್ಸಿನ್ ರೈಫಲ್‌ನ ಮರವನ್ನು ಅಂಟಿಹಿಡಿಯುತ್ತದೆ, ಅದೂ ಒಂದು ಈಡಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಬೆಳಗಿನ ಮಂಜಿನಲ್ಲಿ ಒಂದು ಬಗೆ, ಬಿಸಿಲು ಬಿದ್ದ ಮೇಲೆ ಇನ್ನೊಂದು ಬಗೆ. ಕೊಂಡ ಚೀಲದ ಮೇಲೆ ರೈಫಲ್ ಅನ್ನು ನೇರವಾಗಿ ಇಟ್ಟು ಹೊಡೆದ ಐದೈದು ಈಡುಗಳ ಗುಂಪುಗಳು ಕೇಂದ್ರದಿಂದ ಕೇಂದ್ರಕ್ಕೆ 40ರಿಂದ 50 ಮಿಲಿಮೀಟರ್ ಹರಡಿದವು, ಹೆಚ್ಚಿನವು ಮೇಲೆ-ಕೆಳಗೆ ಸಾಲಾಗಿ ಬಿದ್ದವು. ಸಾಲು ಹಾಗೆ ನೆಟ್ಟಗೆ ನಿಂತದ್ದು ಕಂಡರೆ ಆಸರೆಯನ್ನೇ ಮೊದಲು ಅನುಮಾನಿಸಬೇಕು.

ಜೀನ್ಸ್ ಚೀಲದ ಮೇಲೂ ನೇರವಾಗಿ ಇಟ್ಟಾಗ ಫಲಿತಾಂಶ ಬಹಳ ಉತ್ತಮವೇನೂ ಆಗಲಿಲ್ಲ, ಸುಮಾರು 35 ಮಿಲಿಮೀಟರ್. ಬಟ್ಟೆಯ ಮೇಲೆ ಮರ ಜಾರುತ್ತದೆ, ಮರಳಿನ ಭಾರ ಕೆಳಗಿನಿಂದ ಕದಲುವುದಿಲ್ಲ, ಆದರೆ ಗಟ್ಟಿ ಮರಳು ರೈಫಲ್ ಅನ್ನು ಚಿಮ್ಮಿಸುತ್ತದೆ. ನಿಜವಾದ ಬದಲಾವಣೆ ಬಂದದ್ದು ಚೀಲದ ಮೇಲೆ ನನ್ನ ಎಡ ಅಂಗೈಯನ್ನು ಬಿಚ್ಚಿ ಮಲಗಿಸಿ, ಬೆರಳುಗಳಿಂದ ಹಿಡಿಯದೆ, ರೈಫಲ್ ಅನ್ನು ಆ ಅಂಗೈಯ ಮೇಲೆ ಸುಮ್ಮನೆ ಕೂರಿಸಿದಾಗ. ಅಂಗೈಯ ಮಾಂಸ ಚಿಮ್ಮುವುದನ್ನು ನುಂಗಿಕೊಳ್ಳುತ್ತದೆ, ಚೀಲ ಕೈಯ ನಡುಕವನ್ನು ನುಂಗಿಕೊಳ್ಳುತ್ತದೆ. ಹಳಬರು ಇದನ್ನು ಫಿರಂಗಿ ಹಿಡಿತ ಎನ್ನುತ್ತಾರೆ, ಗಾಡಿಯ ಮೇಲಿನ ಫಿರಂಗಿ ತನ್ನಷ್ಟಕ್ಕೆ ಹಿಂದೆ ಸರಿಯುವಂತೆ ರೈಫಲ್ ಅನ್ನೂ ಬಿಡಬೇಕು ಎಂಬ ಅರ್ಥದಲ್ಲಿ. ಭುಜಕ್ಕೆ ಬಟ್ ತಾಗಿದರೆ ಸಾಕು, ಒತ್ತಬಾರದು. ಕೆನ್ನೆಯೂ ಅಷ್ಟೇ ಹಗುರ. ಅಂಗೈ ಎಲ್ಲಿರಬೇಕು ಎಂಬುದನ್ನು ಒಂದೊಂದು ರೈಫಲ್‌ಗೂ ಹುಡುಕಿಯೇ ಕಂಡುಕೊಳ್ಳಬೇಕು. ಟ್ರಿಗರ್ ಗಾರ್ಡ್‌ನ ಮುಂದಿನಿಂದ ಆರಂಭಿಸಿ, ಒಂದೊಂದು ಬೆರಳಗಲ ಮುಂದಕ್ಕೆ ಸರಿಸುತ್ತ, ಪ್ರತಿ ಜಾಗದಲ್ಲೂ ಐದು ಈಡು ಹೊಡೆದು ನೋಡಿದೆ. ನನ್ನ ಡಯಾನಾಗೆ ಸರಿಬಂದ ಜಾಗ ಗಾರ್ಡ್‌ನಿಂದ ನಾಲ್ಕು ಬೆರಳು ಮುಂದೆ. ಅಲ್ಲಿ ಮರದ ತಳಕ್ಕೆ ಬಿಳಿ ಟೇಪ್‌ನ ತುಂಡೊಂದನ್ನು ಅಂಟಿಸಿದ್ದೇನೆ. ನಳಿಗೆ ಮಡಚುವ ರೈಫಲ್ ಅನ್ನು ಪ್ರತಿ ಈಡಿಗೂ ಮೇಜಿನಿಂದ ಎತ್ತಿ, ಬಿಗಿದು, ಪೆಲೆಟ್ ಹಾಕಿ, ಮತ್ತೆ ಇಡಬೇಕಾಗುತ್ತದೆ, ಹಾಗಾಗಿ ಅದೇ ಜಾಗಕ್ಕೆ ಮರಳುವುದೇ ಇಲ್ಲಿನ ಕಷ್ಟದ ಕೆಲಸ. ಬೆರಳ ತುದಿಗೆ ಟೇಪ್‌ನ ಅಂಚು ತಾಗಿದರೆ ಕಣ್ಣಿನಿಂದ ನೋಡದೆಯೂ ಜಾಗ ತಿಳಿಯುತ್ತದೆ. ಹೀಗೆ ಹೊಡೆದ ಗುಂಪುಗಳು 20 ಮಿಲಿಮೀಟರಿನ ಆಸುಪಾಸಿಗೆ ಬಂದವು. ಇಷ್ಟು ಹಳೆಯ ಸ್ಪ್ರಿಂಗ್‌ನಿಂದ ಇದಕ್ಕಿಂತ ಹೆಚ್ಚನ್ನು ನಾನು ಬಯಸುವುದಿಲ್ಲ.

ಇದೇ ಪರೀಕ್ಷೆಯನ್ನು ಗೆಳೆಯರೊಬ್ಬರ ಪಿಸಿಪಿ ರೈಫಲ್‌ನಲ್ಲೂ ಮಾಡಿದೆವು. ಅದರಲ್ಲಿ ಪಿಸ್ಟನ್ ಇಲ್ಲ, ಮೊದಲೇ ಒತ್ತಿ ತುಂಬಿದ ಗಾಳಿ ಕವಾಟದಿಂದ ಹೊರಬಂದು ಪೆಲೆಟ್ ಅನ್ನು ನೂಕುತ್ತದೆ, ಹಿನ್ನೂಕು ಇದ್ದೂ ಇಲ್ಲದಂತೆ. ಅಂಥ ರೈಫಲ್ ಅನ್ನು ಚೀಲದ ಮೇಲೆ ನೇರವಾಗಿ ಇಡಬಹುದು, ಇಡಲೂ ಬೇಕು. ಅಲ್ಲಿ ಕೊಂಡ ಚೀಲಕ್ಕೂ ಹೊಲಿದ ಚೀಲಕ್ಕೂ ನಡುವಿನ ವ್ಯತ್ಯಾಸ ನಮ್ಮಿಬ್ಬರ ಕಣ್ಣಿಗೂ ಕಾಣದಷ್ಟು ಕಡಿಮೆಯಾಗಿತ್ತು; ಎರಡರಲ್ಲೂ ಐದು ಈಡುಗಳು ಒಂದು ರೂಪಾಯಿ ನಾಣ್ಯದೊಳಗೆ ಬಿದ್ದವು. ಆದ್ದರಿಂದ ಪಿಸಿಪಿ ಇರುವವರು ಕೊಂಡ ಚೀಲವನ್ನು ನನ್ನಷ್ಟು ಕಟುವಾಗಿ ಅಳೆಯಬೇಕಿಲ್ಲ. ಯಾವ ರೈಫಲ್ ಆದರೂ ಒಂದು ನಿಯಮ ಬದಲಾಗುವುದಿಲ್ಲ: ಆಸರೆ ಮರಕ್ಕೆ ಇರಬೇಕು, ನಳಿಗೆಯನ್ನು ಎಂದಿಗೂ ಚೀಲದ ಮೇಲಿಡಬಾರದು. ಹೊಡೆದಾಗ ನಳಿಗೆ ಕಂಪಿಸುತ್ತದೆ, ಅದಕ್ಕೆ ಏನೇ ತಾಗಿದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನ ಹೊತ್ತಿಗೆ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನ ನೆಂಟರೊಬ್ಬರು ತಮ್ಮ .22 ಕೋವಿಯ ಗುರಿ ತಪ್ಪುತ್ತಿದೆಯೆಂದು ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ ಇದೇ. ರೇಂಜಿನಲ್ಲಿ ಪರೀಕ್ಷಿಸುವಾಗ ಅವರು ನಳಿಗೆಯ ತುದಿಯನ್ನೇ ಮರಳು ಮೂಟೆಗೆ ಒರಗಿಸುತ್ತಿದ್ದರು.

ಹಿಂದಿನ ಚೀಲದಲ್ಲಿ ಮಾತ್ರ ಕೊಂಡ ವಸ್ತು ನನ್ನ ಕೈಗೆಲಸವನ್ನು ಸೋಲಿಸಿತು. ನಾನು ಬಳಸುತ್ತಿದ್ದುದು ಉಣ್ಣೆಯ ಕಾಲುಚೀಲಕ್ಕೆ ಅಕ್ಕಿ ತುಂಬಿ ಗಂಟು ಹಾಕಿದ್ದು. ಬಟ್ ಅದರ ಮೇಲೆ ಅಕ್ಕಪಕ್ಕಕ್ಕೆ ಉರುಳುತ್ತಿತ್ತು. ಕೊಂಡ ಚೀಲದ ಎರಡು ಕಿವಿಗಳ ನಡುವಿನ ತಗ್ಗಿನಲ್ಲಿ ಬಟ್ ತಾನಾಗಿ ನೆಟ್ಟಗೆ ನಿಲ್ಲುತ್ತದೆ, ಎಡಗೈ ಬಿಡುವಾಗಿದ್ದರೆ ಆ ಕಿವಿಗಳನ್ನು ಹಿಂಡಿ ಬಟ್ ಅನ್ನು ಎತ್ತರಿಸಬಹುದು, ಮುಷ್ಟಿ ಸಡಿಲಿಸಿ ಇಳಿಸಬಹುದು. ಮೇಲೆ ಹೇಳಿದ ಲೆಕ್ಕವನ್ನು ನೆನಪಿಟ್ಟುಕೊಂಡರೆ ಈ ಹಿಂಡುವಿಕೆಯ ಬೆಲೆ ತಿಳಿಯುತ್ತದೆ: ಹಿಂದೆ ಕೂದಲೆಳೆಯಷ್ಟು ಸರಿಸಿದರೆ ಮುಂದೆ ಗುರಿ ಒಂದು ಉಂಗುರದಷ್ಟು ಸರಿಯುತ್ತದೆ. ಸ್ಪ್ರಿಂಗ್ ರೈಫಲ್ ಹೊಡೆಯುವಾಗ ಎಡಗೈ ಮುಂದೆ ಇರುವುದರಿಂದ ಹಿಂದಿನ ಚೀಲವನ್ನು ಹಿಂಡಲು ಆಗುವುದಿಲ್ಲ, ಅದನ್ನು ಮುಂಚೆಯೇ ತಟ್ಟಿ ಎತ್ತರ ಹೊಂದಿಸಿಕೊಂಡು ಬಟ್ ಅನ್ನು ಮೇಲಿಂದ ತಾಗಿಯೂ ತಾಗದಂತೆ ಬಿಡುತ್ತೇನೆ.

ಆದರೆ ಅದರ ಹೊಲಿಗೆಯ ಬಗ್ಗೆ ಕ್ಷಮಿಸಲಾರೆ. ಡಿಸೆಂಬರಿನಲ್ಲಿ, ಕಣದ ತುಂಬ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದ, ಒಳಹೊಟ್ಟು ಇನ್ನೂ ಇರುವ ಕಾಫಿ ಬೀಜ, ಹರವಿದ್ದ ದಿನ, ಚೀಲವನ್ನು ಮನೆಯೊಳಗೆ ಒಯ್ಯುವಾಗ ಜಿಪ್‌ನ ಪಕ್ಕದ ಹೊಲಿಗೆ ಬಿಚ್ಚಿಕೊಂಡು ಬಿಳಿಯ ಪ್ಲಾಸ್ಟಿಕ್ ಕಾಳುಗಳು ಕಾಫಿಯ ಮೇಲೆ ಚೆಲ್ಲಿದವು. ಪಾರ್ಚ್‌ಮೆಂಟ್ ತಿಳಿಹಳದಿ, ಕಾಳು ಹಾಲುಬಿಳಿ. ದೂರದಿಂದ ಎರಡೂ ಒಂದೇ. ಅಮ್ಮ, ನಾನು ಮತ್ತು ಇಬ್ಬರು ಆಳುಗಳು ಮೊಣಕಾಲೂರಿ ಕೂತು, ಅಂಗೈಯಿಂದ ಕಾಫಿ ಸವರಿ ಸವರಿ, ಸಂಜೆಯ ಬೆಳಕು ಹೋಗುವವರೆಗೆ ಒಂದೊಂದೇ ಕಾಳು ಹೆಕ್ಕಿದೆವು. ಅಂಗಡಿಗೆ ಚಿತ್ರ ಕಳಿಸಿ ಬರೆದೆ, ಹಿಂದಿರುಗಿಸುವ ಅವಧಿ ಮುಗಿದಿದೆ ಎಂಬ ಉತ್ತರ ಬಂತು. ಎರಡು ತಿಂಗಳಲ್ಲಿ ಬಿಚ್ಚಿಕೊಳ್ಳುವ ಹೊಲಿಗೆಯ ಚೀಲವನ್ನು ಈ ಬೆಲೆಗೆ ಮಾರುವುದು ತಪ್ಪು ಎಂದೇ ಹೇಳುತ್ತೇನೆ.

ಖಾಲಿಯಾದ ಚೀಲಕ್ಕೆ ಏನು ತುಂಬಬೇಕು ಎಂಬ ಹುಡುಕಾಟದಲ್ಲಿ ಮನೆಯಲ್ಲಿ ಸಿಗುವುದೆಲ್ಲವನ್ನೂ ತುಂಬಿ ನೋಡಿದೆ. ಕಾಫಿ ಹೊಟ್ಟು ಮತ್ತು ಭತ್ತದ ಹೊಟ್ಟು ತೀರಾ ಹಗುರ, ಒತ್ತಿದಂತೆಲ್ಲ ಕುಗ್ಗುತ್ತ ಹೋಗುತ್ತವೆ. ಅಕ್ಕಿಯ ಕಾಳು ಉದ್ದವಾದ್ದರಿಂದ ಒಂದಕ್ಕೊಂದು ಸಿಕ್ಕಿ ಹಿಂಡಿದಾಗ ಜಿಗಿಜಿಗಿದು ಸರಿಯುತ್ತದೆ, ನಯವಾಗಿ ಹರಿಯುವುದಿಲ್ಲ. ರಾಗಿ ಸಣ್ಣದು, ದುಂಡಗಿನದು. ಹಿಂಡಿದಷ್ಟೇ ಏರುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಹಿಂದಿನ ಚೀಲಕ್ಕೆ ರಾಗಿಯಷ್ಟು ಒಳ್ಳೆಯದು ನನಗೆ ಬೇರೆ ಸಿಗಲಿಲ್ಲ. ಹುಳು ಹಿಡಿಯುವ ಮತ್ತು ಇಲಿ ಕಡಿಯುವ ಭಯ ಇದ್ದೇ ಇದೆ, ಅದಕ್ಕೆಂದೇ ಚೀಲವನ್ನು ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ, ಮಳೆಗಾಲಕ್ಕೆ ಮುಂಚೆ ರಾಗಿ ಬದಲಿಸುತ್ತೇನೆ.

ಮುಂದಿನ ಚೀಲಕ್ಕೆ ಮರಳೇ ಸರಿ. ಒಣ ಮರಳು ಲೀಟರಿಗೆ ಸುಮಾರು 1.6 ಕಿಲೊ ತೂಗುತ್ತದೆ, ರಾಗಿ ಅದರ ಅರ್ಧದಷ್ಟು. ಎಂ-ಸ್ಯಾಂಡ್ ಬಳಸುವವರು ಜರಡಿ ಹಿಡಿದು ಪುಡಿಯನ್ನು ಬೇರ್ಪಡಿಸಬೇಕು, ಇಲ್ಲವಾದರೆ ಪ್ರತಿ ಈಡಿಗೂ ಬಟ್ಟೆಯ ನೇಯ್ಗೆಯಿಂದ ಬೂದುಬಣ್ಣದ ದೂಳು ಏಳುತ್ತದೆ, ಅದು ಟ್ರಿಗರ್‌ನೊಳಗೆ ಸೇರಬಾರದ ವಸ್ತು. ಕಲ್ಲು ಒಡೆದು ಮಾಡಿದ ಮರಳಿನ ಕಣಗಳಿಗೆ ಮೂಲೆಗಳಿರುವುದರಿಂದ ತಟ್ಟಿ ಮಾಡಿದ ತಗ್ಗು ಹಾಗೆಯೇ ಉಳಿಯುತ್ತದೆ, ಹೊಳೆಮರಳಿನಲ್ಲಿ ಅಷ್ಟು ಉಳಿಯುವುದಿಲ್ಲ. ಎರಡು ದಿನ ಬಿಸಿಲಿನಲ್ಲಿ ಹರವಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗದಷ್ಟು ಒಣಗಿಸಿದ ಮೇಲೆ, ಮೊದಲು ಹಳೆಯ ಅಂಗಿ ಬಟ್ಟೆಯ ಒಳಚೀಲಕ್ಕೆ ತುಂಬಿ, ಅದನ್ನು ಜೀನ್ಸ್ ಕಾಲಿನೊಳಗೆ ಇಟ್ಟು, ಎರಡು ತುದಿಗೂ ಎರಡು ಸಾಲು ಹೊಲಿಗೆ ಹಾಕಿದ್ದೇನೆ. ಮುಕ್ಕಾಲು ಭಾಗ ಮಾತ್ರ ತುಂಬಬೇಕು. ಬಿಗಿಯಾಗಿ ತುಂಬಿದರೆ ಕೊರಡಿನಂತಾಗಿ ರೈಫಲ್ ಮೇಲಿಂದ ಉರುಳುತ್ತದೆ, ಕಡಿಮೆಯಾದರೆ ತಗ್ಗು ಕುಸಿಯುತ್ತದೆ. ಅಂಗೈಯ ಅಂಚಿನಿಂದ ನಡುವೆ ನಾಲ್ಕೈದು ಸಲ ಬಲವಾಗಿ ಹೊಡೆದರೆ ಕೈ ಮಲಗಲು ಬೇಕಾದಷ್ಟೇ ತಗ್ಗು ಬೀಳುತ್ತದೆ. ಬೆಳಿಗ್ಗೆ ಒಮ್ಮೆ ಹೊಡೆದ ತಗ್ಗು ಮೂವತ್ತು ಈಡಿನ ತನಕ ಹಾಗೆಯೇ ನಿಂತದ್ದನ್ನು ಕಂಡಿದ್ದೇನೆ.

ಎತ್ತರ ಸಾಲದವರು ಚೀಲದ ಕೆಳಗೆ ಇಟ್ಟಿಗೆ ಇಡುತ್ತಾರೆ. ಇಟ್ಟಿಗೆಯ ಮೇಲೊಂದು ಗೋಣಿತಾಟಿನ ತುಂಡು ಹಾಸದಿದ್ದರೆ ಚೀಲ ಅದರ ಮೇಲೆ ಜಾರುತ್ತದೆ. ನನ್ನ ಮೇಜಿಗೆ ಒಂದು ಬ್ಲಾಕ್ ಕಡಿಮೆಯಾಗಿದ್ದಾಗ ನಾನೂ ಹಾಗೆ ಇಟ್ಟಿದ್ದೆ, ಆಗ ಕತ್ತು ಬಗ್ಗಿಸಿ ಸ್ಕೋಪ್‌ನೊಳಗೆ ನೋಡಬೇಕಾಗಿ, ಹತ್ತು ಈಡಿನೊಳಗೆ ಕತ್ತಿನ ನರ ಬಿಗಿದು, 12 ಪಟ್ಟು ದೊಡ್ಡದಾಗಿ ತೋರುವ ಸ್ಕೋಪ್‌ನಲ್ಲಿ ನನ್ನ ಎದೆಬಡಿತಕ್ಕೆ ಗುರಿಗೆರೆ ಕುಣಿಯುವುದು ಕಾಣುತ್ತಿತ್ತು. ಬೆನ್ನು ನೆಟ್ಟಗೆ ಇಟ್ಟು ಕೂತಾಗ ಸ್ಕೋಪ್ ತಾನಾಗಿ ಕಣ್ಣಿನ ಎದುರು ಬರುವಂತೆ ಮೇಜನ್ನೇ ಎತ್ತರಿಸುವುದು ಸರಿಯಾದ ದಾರಿ.

ಕೊಂಡ ಮುಂದಿನ ಚೀಲವನ್ನು ಗೆಳೆಯರಿಗೆ ಅವರ ಪಿಸಿಪಿಗೆಂದು ಕೊಟ್ಟುಬಿಟ್ಟಿದ್ದೇನೆ, ಅವರಿಗೆ ಅದು ಒಗ್ಗಿದೆ. ಹಿಂದಿನ ಚೀಲದ ಹೊಲಿಗೆಯನ್ನು ಚಪ್ಪಲಿ ಹೊಲಿಯುವ ಮೇಣದ ದಾರದಿಂದ ಅಮ್ಮ ಮತ್ತೆ ಹಾಕಿದ್ದಾರೆ, ಒಳಗೆ ಮುಕ್ಕಾಲು ಕಿಲೊ ರಾಗಿಯಿದೆ. ಜೀನ್ಸ್ ಚೀಲದ ತಗ್ಗಿನಲ್ಲಿ ನನ್ನ ಅಂಗೈ ಮಲಗುವ ಕಡೆ ಬಟ್ಟೆಯ ನೀಲಿ ಮಾಸಿ ಬೆಳ್ಳಗಾಗುತ್ತಿದೆ; ಅದು ಹರಿದ ದಿನ ಇನ್ನೊಂದು ಕಾಲು ಕಪಾಟಿನಲ್ಲಿ ಕಾದಿದೆ.